ಚಿಕ್ಕಪ್ಪನ ಮೆಮೊರಿ ಕಾರ್ಡು, ಮೈಲುತುತ್ತ, 418 ಫೈಲು

ಆಗಸ್ಟಲ್ಲಿ ಊರಿಗೆ ಹೋದಾಗ ಬ್ಯಾಗ್ ಇಳಿಸೋಕೂ ಬಿಡ್ದೆ ಚಿಕ್ಕಪ್ಪ ಅಂಗಿ ಜೇಬಿಂದ ಒಂದು ಪೇಪರ್ ಪೊಟ್ಟಣ ತೆಗೆದು ಕೈಗಿಟ್ರು. ಪ್ರಸಾದ ಅಂದ್ಕೊಂಡು ಕಣ್ಣಿಗೊತ್ಕೊಳ್ಳೋಕೆ ಹೋದೆ, ಬಿಚ್ಚಿ ನೋಡಿದ್ರೆ ಒಳಗೆ ಮೆಮೊರಿ ಕಾರ್ಡು.

"ಸತ್ತು ಹೋಗಿದ್ಯಂತೆ ಮಾರಾಯ. ಪೇಟೆಲಿ ಮೊಬೈಲ್ ಅಂಗಡಿಯವ್ನು ಹೇಳ್ದ, ಹೊಸದು ತಗೊಳ್ಳಿ ಅಂತ. ನೀನೊಂದ್ಸಲ ನೋಡು, ಆಗಲ್ಲ ಅಂದ್ರೆ ಆಗಲ್ಲ ಅಂತ ಸೀದಾ ಹೇಳು."

"ಎಂತ ಇತ್ತು ಚಿಕ್ಕಪ್ಪ ಅದ್ರಲ್ಲಿ? ಯಕ್ಷಗಾನನಾ?"

"ಯಕ್ಷಗಾನ ಸಾಯ್ಲಿ ಅತ್ಲಾಗೆ. ಲೆಕ್ಕ ಇತ್ತು."

ಇಲ್ಲೊಂದು ವಿಷಯ ಹೇಳ್ಬೇಕು. ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ, ನೋಡ್ಕೊಳ್ಳೋದು ಪೂರ್ತಿ ಚಿಕ್ಕಪ್ಪನೇ, ಅವರಿಗೆ ಬರೆಯೋದು ಅಂದ್ರೆ ಆಗಲ್ಲ, ಓದೋಕೆ ಬರಲ್ಲ ಅಂತಲ್ಲ, ಪೇಪರ್ ಒಂದಕ್ಷರ ಬಿಡದೆ ಓದ್ತಾರೆ, ಬರೆಯೋಕೆ ಸೋಮಾರಿತನ ಅಷ್ಟೆ. ಹಂಗಾಗಿ ಮೂರು ವರ್ಷದಿಂದ ಸಂಜೆ ಜಗಲಿ ಮೇಲೆ ಕೂತು ಕೀಪ್ಯಾಡ್ ಫೋನಿನ ರೆಕಾರ್ಡರ್ ಒತ್ತಿ ಲೆಕ್ಕ ಹೇಳ್ತಾರೆ. "ಇವತ್ತು ಸೋಮವಾರ. ಮೂರು ಆಳು. ಇಬ್ರು ಗೊಬ್ಬರ ಹೊತ್ರು, ಒಬ್ಬ ಅರ್ಧ ದಿನ." ಹಿಂಗೆ. ಚಿಕ್ಕಮ್ಮ ಮೂರು ವರ್ಷದಿಂದ "ಪುಸ್ತಕದಲ್ಲಿ ಬರೀರಿ, ಪುಸ್ತಕಕ್ಕೆ ಕರೆಂಟ್ ಬೇಡ" ಅಂತ ಹೇಳ್ತಾನೇ ಇದ್ರು. ಕಾರ್ಡ್ ಹೋದ ದಿನದಿಂದ ಮನೇಲಿ ಆ ಮಾತು ಇನ್ನೊಂದು ಐವತ್ತು ಸಲ ಆಗಿದೆ ಅಂತ ಗೊತ್ತಾಯ್ತು.

ಸರಿ, ಕಾರ್ಡ್ ಕೆಟ್ಟಿದೆ ಅಂದ್ರೆ ಎಂತ ಕೆಟ್ಟಿದೆ? ಅಂಗಡಿಯವ್ನು ಫೋನಿಗೆ ಹಾಕ್ದ, ಬರ್ಲಿಲ್ಲ, ಸತ್ತೋಯ್ತು ಅಂದ. ಆದ್ರೆ ಓದಲಿಲ್ಲ ಅನ್ನೋದಕ್ಕೆ ಕಾರಣ ಮೂರು ಕಡೆ ಇರಬಹುದು. ಕಾರ್ಡ್ ಕೂರೋ ಜಾಗದಲ್ಲಿ, ಕಾರ್ಡಿನ ಒಳಗಿರೋ ಚಿಪ್ಪಲ್ಲಿ, ಇಲ್ಲಾ ಚಿಪ್ ಸರಿ ಇದ್ದು ಅದ್ರಲ್ಲಿ ಬರೆದಿಟ್ಟ ಫೈಲ್ ಸಿಸ್ಟಮ್ಮಲ್ಲಿ, ಅಂದ್ರೆ ಯಾವ ಫೈಲ್ ಎಲ್ಲಿದೆ ಅನ್ನೋ ಸೂಚಿಪತ್ರದಲ್ಲಿ. ಮೂರಕ್ಕೂ ಔಷಧಿ ಬೇರೆ ಬೇರೆ, ಒಂದರ ಔಷಧಿ ಇನ್ನೊಂದಕ್ಕೆ ವಿಷ. ಸ್ಲಾಟ್ ಕೊಳೆಯಾಗಿ ಓದದೆ ಇರೋ ಕಾರ್ಡನ್ನ ಫಾರ್ಮ್ಯಾಟ್ ಮಾಡಿದೋರನ್ನ ನೋಡಿದೀನಿ ನಾನು, ಮಗಳ ನಾಮಕರಣದ ಫೋಟೋ ಸಮೇತ.

ಹಂಗಾಗಿ ಮೊದಲು ಅದಲು ಬದಲು. ನನ್ನ ಹಳೇ ಫೋನಿನ ಒಂದು ಒಳ್ಳೆ ಕಾರ್ಡನ್ನ ಚಿಕ್ಕಪ್ಪನ ಫೋನಿಗೆ ಹಾಕ್ದೆ. 'ಮೆಮೊರಿ ಕಾರ್ಡ್ ಇಲ್ಲ' ಅಂತು! ಅಂದ್ರೆ ಸ್ಲಾಟ್ ಕೆಟ್ಟಿದೆ, ಕಾರ್ಡ್ ಸರಿ ಇರ್ಬೇಕು ಅಂತ ಖುಷಿಯಾಯ್ತು. ಆಮೇಲೆ ಚಿಕ್ಕಪ್ಪನ ಕಾರ್ಡನ್ನ ಅಡಾಪ್ಟರ್‌ಗೆ ಹಾಕಿ ಲ್ಯಾಪ್‌ಟಾಪಿಗೆ ತುರುಕಿದೆ. ಅಲ್ಲೂ ಸುದ್ದಿ ಇಲ್ಲ. ಟಣ್ ಅನ್ನೋ ಸೌಂಡೂ ಇಲ್ಲ. ಅಂದ್ರೆ ಎರಡೂ ಕೆಟ್ಟಿದೆ. ಎರಡು ಒಟ್ಟಿಗೆ ಕೆಡ್ತು ಅಂದ್ರೆ ಎರಡಕ್ಕೂ ಒಟ್ಟಿಗೆ ಎಂತದೋ ಆಗಿರಬೇಕಲ್ಲ?

"ಫೋನು ನೀರಿಗೆ ಬಿತ್ತಾ ಚಿಕ್ಕಪ್ಪ?"

"ಇಲ್ಲ. ನೀರಿಗೆ ಎಂತಕ್ಕೆ ಬೀಳ್ತದೆ."

ಟಾರ್ಚ್ ಹಾಕಿ ಅಜ್ಜನ ಕಾಲದ ಭೂತಗನ್ನಡಿ ಹಿಡಿದು ಕಾರ್ಡಿನ ಹಿಂದೆ ನೋಡಿದೆ. ಮೈಕ್ರೋ ಎಸ್‌ಡಿ ಕಾರ್ಡಿನ ಹಿಂಭಾಗದಲ್ಲಿ ಚಿನ್ನದ ಬಣ್ಣದ ಎಂಟು ಪಟ್ಟಿ ಇರುತ್ತೆ, ಉಗುರಿಗಿಂತ ಸಣ್ಣ ಕಾರ್ಡಲ್ಲಿ ಎಂಟು ಪಟ್ಟಿ, ಕರೆಂಟು ಮಾಹಿತಿ ಎಲ್ಲ ಅದರ ಮೂಲಕನೇ ಓಡಾಡೋದು. ಇದರಲ್ಲಿ ಎಡಗಡೆ ನಾಲ್ಕು ಪಟ್ಟಿ ಮೇಲೆ ತಿಳಿ ನೀಲಿ ಬಿಳಿ ಮಿಶ್ರ ಒಂದು ಪುಡಿ ಹತ್ತಿ ಒಣಗಿತ್ತು. ಆ ಬಣ್ಣ ನಮ್ಮ ಕಡೆ ಹುಟ್ಟಿದ ಮಗುಗೂ ಗೊತ್ತು. ಅಡಿಕೆ ಗೊನೆ ಮೇಲೆ, ಆಳುಗಳ ಬಟ್ಟೆ ಮೇಲೆ, ಡ್ರಮ್ಮಿನ ಅಂಚಲ್ಲಿ ಮಳೆಗಾಲ ಪೂರ್ತಿ ಇರೋ ಬಣ್ಣ. ಬೋರ್ಡೋ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಔಷಧಿ.

"ಔಷಧಿ ಹೊಡೆಯೋವಾಗ ಫೋನ್ ಎಲ್ಲಿತ್ತು?"

"ಜೇಬಲ್ಲಿ. ಮತ್ತೆಲ್ಲಿಡ್ಲಿ?"

ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಮಳೆ ಹಿಡಿಯೋಕೆ ಮುಂಚೆ ಒಂದ್ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದ್ಸಲ ಹೊಡೀತಾರೆ. ಮರದ ಮೇಲಿಂದ ಅದು ಹನಿ ಹನಿಯಾಗಿ ಕೆಳಗಿರೋರ ಮೇಲೆ ಬೀಳ್ತಾನೇ ಇರುತ್ತೆ. ಎರಡನೇ ಸಲ ಹೊಡೆದ ವಾರದಲ್ಲೇ ಕಾರ್ಡ್ ಹೋಗಿದ್ದು, ಫೋನಿನ ಹಿಂದಿನ ಮುಚ್ಚಳ ಸಡಿಲ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಕೊಂಡಿದಾರೆ, ಒಳಗೆ ಇಳೀದೆ ಏನಾಗುತ್ತೆ. ಬ್ಯಾಟರಿ ತೆಗೆದು ನೋಡಿದ್ರೆ ಸ್ಲಾಟಿನ ಸ್ಪ್ರಿಂಗ್ ಪಟ್ಟಿಗಳ ಮೇಲೂ ಅದೇ ನೀಲಿ. ಮೈಲುತುತ್ತದಿಂದ ಅಡಿಕೆ ಕೊಳೆ ಹೋಗುತ್ತೆ, ಫೋನಿಗೆ ಕೊಳೆ ಬರುತ್ತೆ ಅಂತ ಚಿಕ್ಕಮ್ಮ ಒಳಗಿಂದನೇ ಅಂದ್ರು.

ಕ್ಲೀನ್ ಮಾಡೋದು ಸುಲಭ, ಆದ್ರೆ ಕೈ ಹಗುರ ಇರ್ಬೇಕು. ಚಾಕು, ಪಿನ್, ಉಪ್ಪುಕಾಗದ ಯಾವುದೂ ಬೇಡ, ಆ ಚಿನ್ನದ ಲೇಪ ಕೂದಲಿಗಿಂತ ಎಷ್ಟೋ ತೆಳು, ಕೆರೆದ್ರೆ ಹೋಯ್ತು. ಪೆನ್ಸಿಲ್ ರಬ್ಬರಿನ ಮೂಲೆಯಿಂದ ಪಟ್ಟಿಯ ಉದ್ದಕ್ಕೆ ಮೆಲ್ಲಗೆ ಉಜ್ಜಿದೆ, ಪುಡಿ ಉದುರಿತು. ಆಮೇಲೆ ಇಯರ್ ಬಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಒರೆಸಿದೆ, ಮೊಬೈಲ್ ರಿಪೇರಿ ಸಾಮಾನು ಮಾರೋ ಅಂಗಡೀಲಿ ಸಿಗುತ್ತೆ, ನನ್ನ ಬ್ಯಾಗಲ್ಲಿ ಒಂದು ಸಣ್ಣ ಬಾಟ್ಲಿ ಯಾವಾಗ್ಲೂ ಇರುತ್ತೆ. ಬಾಯಿಂದ ಉಫ್ ಅಂತ ಊದಬೇಡಿ ದಯವಿಟ್ಟು, ಎಲ್ರೂ ಮಾಡೋದು ಅದನ್ನೇ, ಉಸಿರಿನ ಜೊತೆ ಎಂಜಲು ಹೋಗಿ ಕೂರುತ್ತೆ. ಹದಿನೈದು ನಿಮಿಷ ಒಣಗೋಕೆ ಬಿಟ್ಟು ಕಾಫಿ ಕುಡಿದ್ವಿ.

ಈ ಸಲ ಅಡಾಪ್ಟರ್ ಬಿಟ್ಟು ಯುಎಸ್‌ಬಿ ರೀಡರ್‌ಗೆ ಹಾಕಿದೆ. ಅಡಾಪ್ಟರ್ ಬಗ್ಗೆ ಒಂದು ಮಾತು. ಅದರ ಪಕ್ಕದಲ್ಲೊಂದು ಲಾಕ್ ಅನ್ನೋ ಪುಟ್ಟ ಜಾರೋ ಗುಂಡಿ ಇರುತ್ತಲ್ಲ, ಅದು ಕೆಳಗೆ ಜಾರಿದ್ರೆ ಕಂಪ್ಯೂಟರ್ ಬರೀ ಓದುತ್ತೆ, ಬರೆಯಲ್ಲ. ತಮಾಷೆ ಅಂದ್ರೆ ಆ ಗುಂಡಿಗೂ ಒಳಗಿನ ಕಾರ್ಡಿಗೂ ವೈರಿನ ಸಂಬಂಧನೇ ಇಲ್ಲ, ಗುಂಡಿ ಎಲ್ಲಿದೆ ಅಂತ ರೀಡರ್ ನೋಡ್ಕೊಳ್ಳುತ್ತೆ ಅಷ್ಟೆ. ಕಾರ್ಡ್ ರೀಡ್ ಓನ್ಲಿ ಆಗೋಯ್ತು ಅಂತ ಅಳೋರಲ್ಲಿ ಅರ್ಧ ಜನರದ್ದು ಈ ಗುಂಡಿ ಸಮಸ್ಯೆ. ಆದ್ರೆ ನಾವು ಇರೋದನ್ನ ಉಳಿಸ್ಕೋಬೇಕು ಅಂದ್ರೆ ಆ ಗುಂಡಿ ಲಾಕಲ್ಲಿ ಇರೋದೇ ಒಳ್ಳೇದು ಅನ್ನಿ.

ಟಣ್ ಅಂತು. ಚಿಕ್ಕಪ್ಪ ಎದ್ದು ನಿಂತ್ರು. ಹಿಂದೇನೇ ವಿಂಡೋಸಿನ ಆ ಹಾಳು ಡಬ್ಬ ಬಂತು: ಈ ಡಿಸ್ಕ್ ಬಳಸೋಕೆ ಮುಂಚೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ?

"ಮಾಡು ಅಂತ ಕೇಳ್ತಾ ಇದ್ಯಲ್ಲ, ಮಾಡು" ಅಂದ್ರು ಚಿಕ್ಕಪ್ಪ.

ಇದೇ ನೋಡಿ. ಎಷ್ಟು ಮರ್ಯಾದೆಯಿಂದ ಕೇಳುತ್ತೆ ಅಂದ್ರೆ, ಬೇಡ ಅನ್ನೋಕೆ ಮನಸ್ಸಾಗಲ್ಲ. ಅದರ ಅರ್ಥ ಇಷ್ಟೆ: ನಂಗೆ ಈ ಕಾರ್ಡಿನ ಅಕ್ಷರ ಓದೋಕೆ ಬರ್ತಾ ಇಲ್ಲ, ಅಳಿಸಿ ಹೊಸದಾಗಿ ಗೆರೆ ಹಾಕ್ಲಾ ಅಂತ. ಕ್ಯಾನ್ಸಲ್ ಒತ್ತಿದೆ. ಗೊತ್ತಿಲ್ದೆ ಒತ್ತಿಬಿಟ್ಟಿರೋರು ಎದೆ ಬಡ್ಕೋಬೇಡಿ, ಕ್ವಿಕ್ ಫಾರ್ಮ್ಯಾಟ್ ಆದ್ರೆ ಸೂಚಿಪತ್ರ ಮಾತ್ರ ಅಳಿಸಿರುತ್ತೆ, ಒಳಗಿನದ್ದು ಹಂಗೇ ಇರುತ್ತೆ. ಆದ್ರೆ ಕ್ವಿಕ್ ಅನ್ನೋ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದ್ರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಪೂರ್ತಿ ಸೊನ್ನೆ ತುಂಬುತ್ತೆ, ಆಮೇಲೆ ದೇವರೂ ಇಲ್ಲ ದಿಂಡರೂ ಇಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದೆ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸಿಗುತ್ತೆ. 14.8 ಜಿಬಿ, ಪಕ್ಕದಲ್ಲಿ ರಾ ಅಂತ ಬರೆದಿತ್ತು, ಅಂದ್ರೆ ಕಾರ್ಡ್ ಕಾಣ್ತಿದೆ, ಫೈಲ್ ಸಿಸ್ಟಮ್ ಮಾತ್ರ ಗುರುತು ಸಿಗ್ತಿಲ್ಲ ಅಂತ. ಇದು ನಾನು ಆ ದಿನ ನೋಡಿದ ಅತಿ ಒಳ್ಳೆ ಸುದ್ದಿ. 16 ಜಿಬಿ ಕಾರ್ಡು ಕಂಪ್ಯೂಟರ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅಷ್ಟೇ ತೋರಿಸೋದು, ಮೋಸ ಏನಿಲ್ಲ, ಕಂಪನಿಯವ್ರು ಸಾವಿರದ ಲೆಕ್ಕ ಹಾಕ್ತಾರೆ, ವಿಂಡೋಸ್ 1024 ರ ಲೆಕ್ಕ ಹಾಕುತ್ತೆ. ಅಳತೆ ಸರಿ ಬಂತು ಅಂದ್ರೆ ಕಾರ್ಡನ್ನ ಒಳಗಿಂದ ನಡೆಸೋ ಕಂಟ್ರೋಲರ್ ಬದುಕಿದೆ, ತನ್ನ ಹೆಸರು ಕುಲ ಗೋತ್ರ ಸರಿಯಾಗಿ ಹೇಳ್ತಾ ಇದೆ. ಅಲ್ಲಿ 'ನೋ ಮೀಡಿಯಾ' ಅಂತಲೋ, 16 ಜಿಬಿ ಕಾರ್ಡು ಎಂಟೋ ಹತ್ತೋ ಎಂಬಿ ಅಂತಲೋ ತೋರಿಸಿದ್ರೆ ಕಥೆ ಬೇರೆ, ಆವಾಗ ಸಾಫ್ಟ್‌ವೇರಲ್ಲಿ ಏನೂ ಆಗಲ್ಲ, ಕಾರ್ಡಿನ ಮೇಲ್ಪದರ ಕೆರೆದು ಒಳಗಿನ ತಂತಿ ಹಿಡಿದು ಚಿಪ್ಪನ್ನೇ ನೇರ ಓದೋ ಲ್ಯಾಬುಗಳಿವೆ, ಸಾವಿರಗಟ್ಟಲೆ ಕೇಳ್ತಾರೆ.

ಅಂದ್ರೆ ಚಿಕ್ಕಪ್ಪನ ಕಾರ್ಡಿಗೆ ಎರಡು ಕಾಯಿಲೆ. ಮೇಲೆ ಮೈಲುತುತ್ತ, ಒಳಗೆ ಫೈಲ್ ಸಿಸ್ಟಮ್ ಹಾಳು. ಎರಡನೇದು ಹೆಂಗಾಯ್ತು ಅಂತ ಕೇಳೋ ಅಗತ್ಯನೇ ಬರ್ಲಿಲ್ಲ, ನನ್ನೆದುರೇ ಫೋನ್ ಹ್ಯಾಂಗ್ ಆಯ್ತು, ಚಿಕ್ಕಪ್ಪ ರಬ್ಬರ್ ಬ್ಯಾಂಡ್ ಎಳೆದು ಮುಚ್ಚಳ ತೆಗೆದು ಬ್ಯಾಟರಿ ಕಿತ್ತು ಮತ್ತೆ ಹಾಕಿದ್ರು, ಎತ್ತಿಗೆ ನೊಗ ಬಿಚ್ಚೋಷ್ಟು ಸಲೀಸಾಗಿ. ಫೋನು ಕಾರ್ಡಿಗೆ ಬರೀತಾ ಇರೋವಾಗ ಹಂಗೆ ಕಿತ್ರೆ ಸೂಚಿಪತ್ರದ ಅರ್ಧ ಸಾಲು ಬರೆದಿರುತ್ತೆ ಅರ್ಧ ಬರೆದಿರಲ್ಲ. ಪಟ್ಟಿಗಳು ಕೊಳೆಯಾಗಿ ಕಾರ್ಡ್ ಬಿಟ್ಟು ಬಿಟ್ಟು ಹಿಡೀತಿತ್ತು, ಅದಕ್ಕೇ ಹ್ಯಾಂಗ್ ಆಗ್ತಿತ್ತು, ಅದಕ್ಕೇ ಬ್ಯಾಟರಿ ಕೀಳ್ತಿದ್ರು. ಒಂದರಿಂದ ಇನ್ನೊಂದು.

ಇಲ್ಲಿ ತುಂಬ ಜನ ಮಾಡೋದು ಚೆಕ್‌ಡಿಸ್ಕ್ ಅನ್ನೋ ವಿಂಡೋಸಿನ ರಿಪೇರಿ ಪ್ರೋಗ್ರಾಂ ಓಡಿಸೋದು. ರಾ ಅಂತ ತೋರಿಸೋ ಕಾರ್ಡಿಗೆ ಅದು ಓಡೋದೇ ಇಲ್ಲ, ಆಗಲ್ಲ ಅಂತ ಮುಖದ ಮೇಲೇ ಹೇಳುತ್ತೆ. ಓಡಿದ್ರೂ ನಾನು ಮೊದಲೇ ಓಡಿಸಲ್ಲ, ಯಾಕಂದ್ರೆ ಅದು ರಿಪೇರಿ ಅಂತ ಕಾರ್ಡಿನ ಮೇಲೇನೇ ಬರೆಯುತ್ತೆ, ಯಜಮಾನ ಸಿಗದ ತುಂಡುಗಳನ್ನೆಲ್ಲ ಒಂದು ಫೋಲ್ಡರಿಗೆ ಗುಡ್ಡೆ ಹಾಕಿ ಕೈ ತೊಳ್ಕೊಳ್ಳುತ್ತೆ. ವಿಂಡೋಸಿಗೆ ಬೇಕಾಗಿರೋದು ಡಿಸ್ಕ್ ಸರಿಯಾಗೋದು, ನಮಗೆ ಬೇಕಾಗಿರೋದು ಲೆಕ್ಕ. ಮೊದಲು ನಕಲು ತೆಗೀಬೇಕು. ಫೈಲ್ ಕಾಪಿ ಅಲ್ಲ, ಫೈಲೇ ಕಾಣ್ತಿಲ್ವಲ್ಲ, ಕಾರ್ಡಿನ ಮೊದಲ ಬಿಟ್ಟಿಂದ ಕೊನೇ ಬಿಟ್ಟಿನ ತನಕ ಪಡಿಯಚ್ಚು, ಇಮೇಜ್ ಅಂತಾರಲ್ಲ ಅದು. ಲ್ಯಾಪ್‌ಟಾಪಲ್ಲಿ ಲಿನಕ್ಸ್ ಕೂಡ ಇದೆ, ಅದರಲ್ಲಿ ಡಿಡಿರೆಸ್ಕ್ಯೂ ಅಂತ ಪ್ರೋಗ್ರಾಂ, ಅದರ ಬುದ್ಧಿ ನಂಗಿಷ್ಟ, ಓದೋಕೆ ಕಷ್ಟ ಆಗೋ ಜಾಗದಲ್ಲಿ ಸಿಕ್ಕಿಹಾಕ್ಕೊಂಡು ಒದ್ದಾಡಲ್ಲ, ಹಾರಿ ಮುಂದೆ ಹೋಗಿ ಸುಲಭದ್ದೆಲ್ಲ ಮೊದಲು ಬಾಚ್ಕೊಂಡು, ಆಮೇಲೆ ವಾಪಸ್ ಬಂದು ಕಷ್ಟದ್ದನ್ನ ಮತ್ತೆ ಮತ್ತೆ ಕೇಳುತ್ತೆ. ಪರೀಕ್ಷೇಲಿ ನಮಗೆ ಮೇಷ್ಟ್ರು ಹೇಳ್ಕೊಟ್ಟ ಹಂಗೇ.

ಅದು ಓಡೋಕೆ ಒಂದು ಗಂಟೆ ಚಿಲ್ಲರೆ ಆಯ್ತು, ಅಷ್ಟರಲ್ಲಿ ಶಿವಮೊಗ್ಗದಿಂದ ಕಾರ್ಡ್ ರಿಪೇರಿ ಮಾಡೋನು ಬಂದಿದಾನೆ ಅಂತ ಸುದ್ದಿ ಹಬ್ಬಿ ಜಗಲಿ ಮೇಲೆ ಕ್ಯೂ.

ಮೊದಲು ಅತ್ತಿಗೆ. ಅವರ ಫೋನ್ ಬಿದ್ದು ಡಿಸ್ಪ್ಲೇ ಹೋಗಿತ್ತು, ಕಾರ್ಡ್ ತೆಗೆದು ಹೊಸ ಫೋನಿಗೆ ಹಾಕಿದ್ರೆ ಫಾರ್ಮ್ಯಾಟ್ ಕೇಳುತ್ತೆ, ಲ್ಯಾಪ್‌ಟಾಪಲ್ಲೂ ಅದೇ. "ಹಳೇ ಫೋನಲ್ಲಿ ಜಾಗ ಸಾಲ್ದೆ ಕಾರ್ಡನ್ನ ಇಂಟರ್ನಲ್ ಸ್ಟೋರೇಜ್ ಮಾಡ್ಕೊಂಡಿದ್ರಾ?" ಅಂದೆ. "ಹೂಂ, ಫೋನೇ ಕೇಳ್ತಲ್ಲ, ಹೂಂ ಅಂದೆ" ಅಂದ್ರು. 2015 ರಲ್ಲಿ ಬಂದ ಆಂಡ್ರಾಯ್ಡ್ 6 ರಿಂದ ಈ ಸೌಕರ್ಯ ಇದೆ. ಹಂಗೆ ಮಾಡಿದ ಕಾರ್ಡು ಎನ್‌ಕ್ರಿಪ್ಟ್ ಆಗುತ್ತೆ, ಬೀಗದ ಕೈ ಆ ಫೋನಿನ ಒಳಗೇ ಇರುತ್ತೆ, ಬೇರೆ ಯಾವ ಫೋನಿಗೂ ಅದು ಬರೀ ಕಸ. ಕಾರ್ಡ್ ಕೆಟ್ಟೇ ಇಲ್ಲ! ಹಳೇ ಫೋನಿಗೆ ಡಿಸ್ಪ್ಲೇ ಹಾಕ್ಸಿ, ರೀಸೆಟ್ ಮಾತ್ರ ಮಾಡೋಕೆ ಬಿಡ್ಬೇಡಿ, ಕಾರ್ಡ್ ಅದಕ್ಕೇ ವಾಪಸ್ ಹಾಕಿ ಎಲ್ಲ ಕಾಪಿ ಮಾಡ್ಕೊಳ್ಳಿ ಅಂದೆ. ಎಕ್ಸ್‌ಚೇಂಜಿಗೆ ಕೊಡೋಕೆ ಹೊರಟಿದ್ರಂತೆ ಆ ಫೋನನ್ನ, ನೆತ್ತಿ ಮೇಲೆ ಕೈ ಇಟ್ಕೊಂಡ್ರು.

ಆಮೇಲೆ ಪಕ್ಕದ ಮನೆಯವ್ರು, ಹೊಸ 64 ಜಿಬಿ ಕಾರ್ಡು ಕೀಪ್ಯಾಡ್ ಫೋನಲ್ಲಿ ಬರಲ್ಲ ಅಂತ. ಬರಲ್ಲ. 32 ಜಿಬಿ ತನಕ ಎಸ್‌ಡಿಎಚ್‌ಸಿ ಅನ್ನೋ ಜಾತಿ, ಅದಕ್ಕೆ ಫ್ಯಾಟ್ 32 ಅನ್ನೋ ಫೈಲ್ ಸಿಸ್ಟಮ್ಮು. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ, ಅಂಗಡಿಯಿಂದ ಬರೋವಾಗ್ಲೇ ಎಕ್ಸ್‌ಫ್ಯಾಟ್ ಆಗಿರುತ್ತೆ, ಕೀಪ್ಯಾಡ್ ಫೋನುಗಳು ಹೆಚ್ಚಿನವು ಅದನ್ನ ಓದಲ್ಲ. ಬೇರೆ ಟೂಲಲ್ಲಿ ಫ್ಯಾಟ್ 32 ಮಾಡಿ ಹಾಕಿದ್ರೆ ಕೆಲವು ಫೋನ್ ಒಪ್ಕೊಳ್ಳುತ್ತೆ, ವಿಂಡೋಸ್ 10 ರ ಫಾರ್ಮ್ಯಾಟ್ ಡಬ್ಬದಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆನೇ ತೋರಿಸಲ್ಲ. ಅದೆಲ್ಲ ಗೋಜು ಯಾಕೆ, ವಾಪಸ್ ಕೊಟ್ಟು 32 ತಗೊಂಡು ಬನ್ನಿ ಅಂದೆ. ಅವರ ಫೋನಿನ ಸ್ಲಾಟ್ ಪಕ್ಕ ಟಿಎಫ್ ಅಂತ ಬರೆದಿತ್ತು, ಅದೇನು ಬೇರೆ ಕಾರ್ಡಾ ಅಂತ ಕೇಳಿದ್ರು. ಅಲ್ಲ, ಮೈಕ್ರೋ ಎಸ್‌ಡಿಯ ಹುಟ್ಟುಹೆಸರು ಅದು, ಟ್ರಾನ್ಸ್‌ಫ್ಲ್ಯಾಶ್ ಅಂತ, 2005 ರಲ್ಲಿ ಮೈಕ್ರೋ ಎಸ್‌ಡಿ ಅಂತ ನಾಮಕರಣ ಆಯ್ತು, ಅಗ್ಗದ ಸ್ಪೀಕರ್ ಫೋನುಗಳಲ್ಲಿ ಇನ್ನೂ ಹಳೇ ಹೆಸರೇ ಉಳಿದಿದೆ.

ಕೊನೇಗೆ ಒಬ್ಬ ಪಿಯುಸಿ ಹುಡುಗ. ಇವನದ್ದು ನೋಡಿ ಬೇಜಾರಾಯ್ತು. ಆನ್‌ಲೈನಲ್ಲಿ 128 ಜಿಬಿ ಕಾರ್ಡು 250 ರೂಪಾಯಿಗೆ ತಗೊಂಡಿದಾನೆ. ಕಾರ್ಡ್ ಕಾಣುತ್ತೆ, 128 ಅಂತ್ಲೇ ತೋರಿಸುತ್ತೆ, ಆದ್ರೆ ಇತ್ತೀಚೆಗೆ ಹಾಕಿದ ವೀಡಿಯೋ ಒಂದೂ ಓಡಲ್ಲ, ಫೋಟೋ ಅರ್ಧ ಬೂದು ಬಣ್ಣ. ಮೊದಲು ಹಾಕಿದ್ದು ಮಾತ್ರ ಚೆನ್ನಾಗಿದೆ. ಈ ಲಕ್ಷಣ ಕಂಡ್ರೆ ನೂರಕ್ಕೆ ತೊಂಬತ್ತು ಡೂಪ್ಲಿಕೇಟ್. ಒಳಗೆ ಸಣ್ಣ ಚಿಪ್ ಇಟ್ಟು ಕಂಟ್ರೋಲರ್ ಬಾಯಲ್ಲಿ 128 ಅಂತ ಸುಳ್ಳು ಹೇಳಿಸ್ತಾರೆ, ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ. ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಂತ, ಲಿನಕ್ಸಲ್ಲಿ ಎಫ್3 ಅಂತ ಇದೆ, ಎರಡೂ ಪುಕ್ಕಟೆ, ಕಾರ್ಡ್ ಪೂರ್ತಿ ತುಂಬಿ ವಾಪಸ್ ಓದಿ ತಾಳೆ ನೋಡುತ್ತೆ. ರಾತ್ರಿ ಪೂರ್ತಿ ಓಡಿಸಿ ಬೆಳಿಗ್ಗೆ ನೋಡಿದ್ರೆ ನಿಜವಾಗ್ಲೂ ಇದ್ದಿದ್ದು ಎಂಟು ಜಿಬಿನೂ ಇಲ್ಲ. ಹೊಸ ಕಾರ್ಡ್ ತಗೊಂಡ ದಿನನೇ ಇದನ್ನೊಂದು ಓಡಿಸಿಬಿಟ್ರೆ ವಾಪಸ್ ಕೊಡೋಕಾದ್ರೂ ಆಗುತ್ತೆ. ಹುಡುಗ ಎಂತದೂ ಮಾತಾಡ್ಲಿಲ್ಲ, ಕಾರ್ಡ್ ಜೇಬಿಗೆ ಹಾಕ್ಕೊಂಡು ಹೋದ.

ಇತ್ಲಾಗೆ ಇಮೇಜ್ ಹಿಂದಿನ ದಿನ ಕ್ಯೂ ಕರಗೋಷ್ಟರಲ್ಲೇ ಮುಗಿದಿತ್ತು. ಎಲ್ಲೋ ಕೆಲವು ಜಾಗ ಬಿಟ್ಟು ಉಳಿದಿದ್ದೆಲ್ಲ ಬಂದಿತ್ತು. ಕಾರ್ಡನ್ನ ಪುನಃ ಪೇಪರ್ ಪೊಟ್ಟಣಕ್ಕೆ ಹಾಕಿ ಚಿಕ್ಕಪ್ಪನ ಕೈಗೆ ಕೊಟ್ಟೆ. ಇನ್ನು ನಾನು ಏನು ಎಡವಟ್ಟು ಮಾಡಿದ್ರೂ ನಕಲಿನ ಮೇಲೆ, ಹಾಳಾದ್ರೆ ಇನ್ನೊಂದು ನಕಲು.

ಟೆಸ್ಟ್‌ಡಿಸ್ಕ್ ಅಂತ ಇದೆ, ಕಪ್ಪು ಪರದೆ ಮೇಲೆ ಬಿಳಿ ಅಕ್ಷರ, ನೋಡೋಕೆ ಹೆದರಿಕೆ ಆಗುತ್ತೆ, ಆದ್ರೆ ನಾನು ನೋಡಿದ ಹಣ ಕೇಳೋ ರಿಕವರಿ ಸಾಫ್ಟ್‌ವೇರುಗಳಿಗಿಂತ ಇದು ವಾಸಿ, ಪುಕ್ಕಟೆ ಬೇರೆ. ಫ್ಯಾಟ್ 32 ರಲ್ಲಿ ಒಂದು ಒಳ್ಳೆ ಏರ್ಪಾಡಿದೆ. ಕಾರ್ಡಿನ ಪಾರ್ಟಿಶನ್ ಶುರುವಲ್ಲೇ ಬೂಟ್ ಸೆಕ್ಟರ್ ಅಂತ ಒಂದು ಪುಟ ಇರುತ್ತೆ, ಎಲ್ಲಿಂದ ಎಲ್ಲಿ ತನಕ ಏನಿದೆ ಅನ್ನೋದು ಅದ್ರಲ್ಲಿ. ಅದು ಹರಿದ್ರೆ ಇರ್ಲಿ ಅಂತ ಆರನೇ ಸೆಕ್ಟರಲ್ಲಿ ಅದರದೇ ಇನ್ನೊಂದು ಪ್ರತಿ ಇಟ್ಟಿರ್ತಾರೆ. ಟೆಸ್ಟ್‌ಡಿಸ್ಕ್ ಎರಡನ್ನೂ ನೋಡಿ, ಮೊದಲನೇದು ಕೆಟ್ಟಿದೆ ಬ್ಯಾಕಪ್ ಚೆನ್ನಾಗಿದೆ, ಇದನ್ನ ಅಲ್ಲಿಗೆ ಹಾಕ್ಲಾ ಅಂತು. ಹಾಕು ಅಂದೆ. ಕಾರ್ಡು ತೆರೀತು!

ಯಕ್ಷಗಾನ ಫೋಲ್ಡರ್ ಪೂರ್ತಿ ಹೆಸರಿನ ಸಮೇತ ಬಂತು. ಚಿಕ್ಕಪ್ಪನಿಗೆ ಅದು ಬೇಡ್ವಾಗಿತ್ತು, ಅದೇ ಮೊದಲು ಬಂತು. ರೆಕಾರ್ಡರ್ ಫೋಲ್ಡರ್ ತೆಗೆದ್ರೆ ಒಳಗೆ ಬರೀ ಚಿತ್ರಲಿಪಿ, ಡಬ್ಬಿ ಡಬ್ಬಿ ಅಕ್ಷರ, ಒಂದೊಂದು ಫೈಲ್ ಎರಡೆರಡು ಜಿಬಿ ಅಂತ ತೋರಿಸ್ತಾ ಇದೆ, ತಾರೀಕು 2098. ಆ ಫೋಲ್ಡರಿನ ಪಟ್ಟಿ ಬರೆಯೋವಾಗ್ಲೇ ಬ್ಯಾಟರಿ ಕಿತ್ತಿರಬೇಕು.

ಆಗ ಫೋಟೋರೆಕ್. ಟೆಸ್ಟ್‌ಡಿಸ್ಕ್ ಬರೆದವರದ್ದೇ. ಹೆಸರು ಫೋಟೋ ಆದ್ರೂ ಎಲ್ಲ ಥರದ ಫೈಲ್ ಹುಡುಕುತ್ತೆ. ಇದು ಸೂಚಿಪತ್ರವನ್ನ ನಂಬೋದೇ ಇಲ್ಲ, ಕಾರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೀತಾ ಹೋಗುತ್ತೆ, ಎಲ್ಲಿ ಫೈಲಿನ ತಲೆ ಕಾಣುತ್ತೋ ಅಲ್ಲಿಂದ ಎತ್ಕೊಳ್ಳುತ್ತೆ. ಪ್ರತಿ ಜಾತಿ ಫೈಲಿಗೂ ಒಂದು ತಲೆ ಗುರುತು ಇರುತ್ತೆ. ಕೀಪ್ಯಾಡ್ ಫೋನುಗಳು ಧ್ವನಿ ರೆಕಾರ್ಡ್ ಮಾಡೋದು ಹೆಚ್ಚಾಗಿ ಎಎಂಆರ್ ಅಂತ, ಫೋನಲ್ಲಿ ಮಾತಾಡೋಕೆ ಅಂತ್ಲೇ ಮಾಡಿದ ಫಾರ್ಮ್ಯಾಟು, ಅದರ ಫೈಲಿನ ಶುರುವಲ್ಲಿ ಅಕ್ಷರದಲ್ಲೇ ಎಎಂಆರ್ ಅಂತ ಬರೆದಿರುತ್ತೆ, ಹಣೆ ಮೇಲೆ ನಾಮ ಇದ್ದಂಗೆ. ಆಯ್ಕೆ ಪಟ್ಟಿಯಲ್ಲಿ ಉಳಿದಿದ್ದೆಲ್ಲ ತೆಗೆದು ಅದೊಂದನ್ನೇ ಇಟ್ಟು ಓಡಿಸಿದೆ, ಇಲ್ಲಾಂದ್ರೆ ಹಾಡು ಫೋಟೋ ಎಲ್ಲ ಸೇರಿ ಜಾತ್ರೆ ಆಗುತ್ತೆ.

418 ಫೈಲು. ಎಎಂಆರ್ ಒಂದು ನಿಮಿಷಕ್ಕೆ ನೂರು ಕೆಬಿನೂ ಆಗಲ್ಲ, ಎಲ್ಲ ಸೇರಿ 40 ಎಂಬಿ ಸುತ್ತಮುತ್ತ. 16 ಜಿಬಿ ಕಾರ್ಡಲ್ಲಿ ನಮಗೆ ಬೇಕಾಗಿದ್ದು ಅಷ್ಟೆ, ಅಷ್ಟಕ್ಕೆ ಇಷ್ಟು.

ಆದ್ರೆ ಹೆಸರಿಲ್ಲ. ತಾರೀಕಿಲ್ಲ. ಎಲ್ಲದಕ್ಕೂ ಎಫ್ ಅಂತ ಶುರುವಾಗಿ ಉದ್ದಕ್ಕೆ ಅಂಕಿ. ಚಿಕ್ಕಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ "ಇದ್ರಲ್ಲಿ ಈ ವರ್ಷದ್ದು ಯಾವ್ದು, ಹೋದ ವರ್ಷದ್ದು ಯಾವ್ದು ಮಾರಾಯ?" ಅಂದ್ರು. ಅವರೂ ರೆಕಾರ್ಡಿಂಗಲ್ಲಿ ತಾರೀಕು ಹೇಳಲ್ಲ, ಬರೀ ಸೋಮವಾರ ಮಂಗಳವಾರ.

ಸ್ವಲ್ಪ ಹೊತ್ತು ಆ ಅಂಕಿ ನೋಡ್ತಾ ಕೂತೆ. ಫೋಟೋರೆಕ್ ಕೊಡೋ ಅಂಕಿ ಸುಮ್ನೆ ಕೊಡೋದಲ್ಲ, ಫೈಲ್ ಕಾರ್ಡಿನ ಎಷ್ಟನೇ ಸೆಕ್ಟರಲ್ಲಿ ಸಿಕ್ತು ಅನ್ನೋದು ಅದು. ಖಾಲಿ ಕಾರ್ಡು ಸಾಮಾನ್ಯವಾಗಿ ಒಂದು ಕಡೆಯಿಂದ ತುಂಬ್ತಾ ಹೋಗುತ್ತೆ, ಹಂಗಾಗಿ ಸಣ್ಣ ಅಂಕಿ ಹಳೇದು, ದೊಡ್ಡ ಅಂಕಿ ಹೊಸದು, ಮಧ್ಯೆ ಅಳಿಸಿದ ಜಾಗದಲ್ಲಿ ಆಮೇಲೆ ಬಂದು ಕೂತಿದ್ದು ಬಿಟ್ರೆ. ಅಂಕಿ ಪ್ರಕಾರ ಜೋಡಿಸಿ ಎಲ್ಲವನ್ನೂ ಎಂಪಿ3 ಮಾಡಿ ಒಂದೊಂದೇ ಕೇಳೋಕೆ ಶುರು ಮಾಡಿದ್ವಿ. ಮಿಕ್ಕಿದ್ದು ಹಿಂದಿನ ಸದ್ದೇ ಹೇಳ್ತು. ಹೆಂಚಿನ ಮೇಲೆ ಮಳೆ ಧೋ ಅಂತಿದ್ರೆ ಜುಲೈ. ಅಡಿಕೆ ಸುಲಿಯೋ ಮೆಷಿನ್ನು, ಹೆಂಗಸರ ನಗು ಕೇಳಿದ್ರೆ ಕೊಯ್ಲಿನ ಕಾಲ. ಏನೂ ಇಲ್ದೆ ಬರೀ ಜೀರುಂಡೆ ಅಂದ್ರೆ ಬೇಸಿಗೆ ಹತ್ರ ಬಂತು. ಚಿಕ್ಕಮ್ಮ ಕೊನೇಗೂ ಪುಸ್ತಕ ಹಿಡ್ಕೊಂಡು ಕೂತು ಬರೀತಾ ಹೋದ್ರು, ಮುಖದಲ್ಲಿ ಗೆದ್ದ ಕಳೆ.

ಅಳಿಸಿದ್ದೂ ಬರುತ್ತೆ ಅಂತ ನಾನು ಮೊದಲೇ ಹೇಳ್ಬೇಕಿತ್ತು. ಡಿಲೀಟ್ ಅಂದ್ರೆ ಪಟ್ಟಿಯಿಂದ ಹೆಸರು ಹೊಡೆಯೋದು ಅಷ್ಟೆ, ಆ ಜಾಗಕ್ಕೆ ಬೇರೆ ಬರೋ ತನಕ ವಸ್ತು ಅಲ್ಲೇ ಇರುತ್ತೆ. ಇನ್ನೂರ ಚಿಲ್ಲರೆ ಫೈಲ್ ಆದ ಮೇಲೆ ಇದ್ದಕ್ಕಿದ್ದ ಹಂಗೆ ಲ್ಯಾಪ್‌ಟಾಪಿಂದ ಒಂದು ಭಾಗವತಿಕೆ ಶುರುವಾಯ್ತು, ಎತ್ತರದ ಸ್ವರ, ತೊಡೆ ತಟ್ಟೋ ತಾಳ ಬೇರೆ. ನಾಲ್ಕು ನಿಮಿಷ. ಮಧ್ಯೆ ಒಂದು ಕಡೆ ಕೆಮ್ಮು ಬಂದು ನಿಲ್ಲಿಸಿ, ಗಂಟಲು ಸರಿ ಮಾಡ್ಕೊಂಡು, ಪುನಃ ಅದೇ ಸಾಲು. ಚಿಕ್ಕಪ್ಪ "ಅದು ಬೇಡ, ಮುಂದೆ ಹಾಕು, ಮುಂದೆ" ಅಂತ ಎದ್ದೇ ಹೋದ್ರು. ಚಿಕ್ಕಮ್ಮ ಪೆನ್ ಕೆಳಗಿಟ್ಟು ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು. ಹಳೇ ಫೋನ್ ಕಾರ್ಡು ಸಮೇತ ಮಾರೋರು ಇದನ್ನೊಂದು ನೆನಪಿಟ್ಕೊಳ್ಳಿ.

ಲೆಕ್ಕಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಆಮೇಲೆ ಗೊತ್ತಾಯ್ತು. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಹನ್ನೊಂದು ದಿನದ ದುಡ್ಡು ಬಾಕಿ ಅಂತಿದ್ನಂತೆ, ಚಿಕ್ಕಪ್ಪನ ನೆನಪಲ್ಲಿ ಒಂಬತ್ತು. ಜಗಳ ಏನಿಲ್ಲ, ಇಪ್ಪತ್ತು ವರ್ಷದಿಂದ ಬರೋನು, ಆದ್ರೆ ಇಬ್ರಿಗೂ ಒಳಗೊಳಗೆ ಇರುಸುಮುರುಸು. ಭಾನುವಾರ ಬೆಳಿಗ್ಗೆ ಅವನೇ ಬಂದ, ಮೂರೂ ಜನ ಜಗಲಿ ಮೇಲೆ ಕೂತು ಕೊನೇ ಕಡೆಯ ನಲವತ್ತು ಫೈಲ್ ಕೇಳಿದ್ರು. ಚಿಕ್ಕಪ್ಪನದ್ದೇ ಧ್ವನಿ, ಮಳೆ ಸದ್ದಿನ ಮಧ್ಯೆ, ದಿನ ಒಂದೊಂದಾಗಿ. ಒಂದು ಫೈಲ್ ಅರ್ಧಕ್ಕೆ ಹರಿದಿತ್ತು, "ಇವತ್ತು ಶುಕ್ರವಾರ, ಔಷಧಿಗೆ" ಅಂತ ಬಂದು ಕರ್ರ್ ಅಂತು. ಚಿಕ್ಕಮ್ಮ ಗೆರೆ ಎಣಿಸಿದ್ರು. ಹತ್ತು, ಮತ್ತೆ ಆ ಹರಿದ ಶುಕ್ರವಾರ.

ಚಿಕ್ಕಪ್ಪ ಒಳಗೆ ಹೋಗಿ ಹನ್ನೊಂದರ ದುಡ್ಡು ತಂದು ಕೊಟ್ರು.

ಹಳೇ ಕಾರ್ಡನ್ನ ಫಾರ್ಮ್ಯಾಟ್ ಮಾಡಿ ಮತ್ತೆ ಬಳಸೋಣ ಅಂದ್ರು, ನಾನು ಬಿಡ್ಲಿಲ್ಲ, ಒಂದ್ಸಲ ಓದೋಕೆ ತಡವರಿಸಿದ ಕಾರ್ಡನ್ನ ಲೆಕ್ಕಕ್ಕೆ ಇಟ್ಕೋಬಾರ್ದು. ಪೇಟೆಯಿಂದ ಬಿಲ್ ಕೊಡೋ ಅಂಗಡೀಲಿ 32 ಜಿಬಿ ತಂದು ಟೆಸ್ಟ್ ಮಾಡಿ, ಫೋನಿನ ಸ್ಲಾಟ್ ಇಯರ್ ಬಡ್ಡಲ್ಲಿ ಒರೆಸಿ, ಫೋನಲ್ಲೇ ಫಾರ್ಮ್ಯಾಟ್ ಮಾಡಿ ಕೊಟ್ಟೆ. ಔಷಧಿ ದಿನ ಫೋನನ್ನ ಪ್ಲಾಸ್ಟಿಕ್ ಕೊಟ್ಟೆಲಿ ಹಾಕಿ ಕಟ್ಟಿ ಇಟ್ಕೊಳ್ಳಿ, ಹ್ಯಾಂಗ್ ಆದ್ರೆ ಬ್ಯಾಟರಿ ಕೀಳೋಕೆ ಮುಂಚೆ ಆಫ್ ಬಟನ್ ಒತ್ತಿ ಹತ್ತು ಎಣಿಸಿ ಅಂದೆ. ಹೂಂ ಅಂದ್ರು, ಎಷ್ಟು ಕೇಳಿಸ್ಕೊಂಡ್ರೋ.

ಸಂಜೆ ಬಸ್ಸಿಗೆ ಹೊರಡೋವಾಗ ಜಗಲಿ ತುದೀಲಿ ಬೆನ್ನು ಹಾಕಿ ಕೂತಿದ್ರು, ಫೋನ್ ಬಾಯಿ ಹತ್ರ.

"ಇವತ್ತು ಭಾನುವಾರ. ಆಳು ಇಲ್ಲ. ಹೊಸ ಕಾರ್ಡು, 380 ರೂಪಾಯಿ."